ಅಡಿಗೆಯ ಪುಸ್ತಕವೂ ಅತ್ತೆಯವರ ಹುಳಿಪುಡಿಯೂ

ಪುಸ್ತಕ ನೋಡಿ ಅಡಿಗೆ ಮಾಡುವವಳೆಂದರೆ ನಮ್ಮ ಮನೆಗಳಲ್ಲಿ ಈಗಲೂ ಒಂದು ಬಗೆಯ ನಗೆ ಉಂಟು. ಅಡಿಗೆಯನ್ನು ನೋಡಿ ಕಲಿಯತಕ್ಕದ್ದು, ಮಾಡಿ ಕಲಿಯತಕ್ಕದ್ದು, ಓದಿ ಕಲಿಯತಕ್ಕದ್ದಲ್ಲ ಎಂಬುದು ಹಿರಿಯರ ಮತ. ಮೂವತ್ತು ವರ್ಷಗಳ ಕಾಲ ನನ್ನ ಮತವೂ ಅದೇ ಆಗಿತ್ತು. ಅದು ಬದಲಾದ ಬಗೆಯನ್ನು ವಾಚಕರ ಮುಂದಿಡಬೇಕೆಂದು ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇನೆ.

ನಮ್ಮ ಅತ್ತೆಯವರು ಕಳೆದ ಮಾಘದಲ್ಲಿ ತೀರಿಕೊಂಡರು. ಅವರು ಮಾಡಿಟ್ಟಿದ್ದ ಹುಳಿಪುಡಿ ಇನ್ನೂ ಅರ್ಧ ಡಬ್ಬದಷ್ಟು ಉಳಿದಿತ್ತು. ಅದನ್ನು ಲೋಭಿಯು ಹಣ ಬಳಸುವಂತೆ ಬಳಸುತ್ತ ಬಂದೆ. ಆಷಾಢದಲ್ಲಿ ಒಂದು ದಿನ ಡಬ್ಬದ ತಳ ಕಂಡಿತು. ಅಂದು ಒಲೆಯ ಮುಂದೆ ನಿಂತು ಕಣ್ಣೊರಸಿಕೊಂಡೆನೆಂದು ಹೇಳಲು ನನಗೆ ಸಂಕೋಚವಿಲ್ಲ. ಕೊತ್ತಂಬರಿ ಎಷ್ಟು, ಮೆಂತ್ಯ ಎಷ್ಟು ಎಂದು ನಾನು ಕೇಳಿದಾಗಲೆಲ್ಲ ಅವರ ಉತ್ತರ ಒಂದೇ: “ಕೈಗೆ ಗೊತ್ತಾಗುತ್ತೆ ಕಣಮ್ಮ, ಬಾಯಲ್ಲಿ ಹೇಗೆ ಹೇಳಲಿ?” ಆ ಕೈ ಹೋಯಿತು, ಗೊತ್ತು ಅದರೊಡನೆಯೇ ಹೋಯಿತು.

ಅದೇ ದಿನಗಳಲ್ಲಿ ನನ್ನ ಮಗಳು ಹಳೆಯ ಪುಸ್ತಕದಂಗಡಿಯಿಂದ ಒಂದು ಅಡಿಗೆಯ ಪುಸ್ತಕವನ್ನು ತಂದಳು. ಅದು ಮದರಾಸಿನ ಎಸ್. ಮೀನಾಕ್ಷಿ ಅಮ್ಮಾಳ್ ಅವರು 1951ರಲ್ಲಿ ತಮಿಳಿನಲ್ಲಿ ಪ್ರಕಟಿಸಿದ ‘ಸಮೈತ್ತುಪ್ಪಾರ್’ ಎಂಬುದರ ಇಂಗ್ಲಿಷ್ ಅನುವಾದ. ಹೆಸರಿನ ಅರ್ಥ ‘ಅಡಿಗೆ ಮಾಡಿ ನೋಡು’ ಎಂದು. ಆಕೆ ಎಳೆಯ ವಯಸ್ಸಿನಲ್ಲಿಯೇ ವಿಧವೆಯಾಗಿ, ದೊಡ್ಡ ಸಂಸಾರದ ಭಾರವನ್ನು ಹೊತ್ತವರು. ಅವರ ಕೈರುಚಿ ಬಂಧುವರ್ಗದಲ್ಲಿ ಪ್ರಸಿದ್ಧವಾಗಿ, ದೂರದ ಊರುಗಳಲ್ಲಿದ್ದವರು ಇದನ್ನು ಹೇಗೆ ಮಾಡುವುದು, ಅದನ್ನು ಹೇಗೆ ಮಾಡುವುದು ಎಂದು ಕೇಳುತ್ತಿದ್ದರಂತೆ. ಇದನ್ನೆಲ್ಲ ಪುಸ್ತಕ ಮಾಡಬಾರದೇಕೆ ಎಂದು ಅವರ ಬಂಧು ಕೆ. ವಿ. ಕೃಷ್ಣಸ್ವಾಮಿ ಅಯ್ಯರ್ ಅವರು ಪ್ರೇರಿಸಿದರು. ಆಕೆ 1962ರಲ್ಲಿ ತೀರಿಕೊಂಡರು. ಪುಸ್ತಕ ಇಂದಿಗೂ ಬದುಕಿದೆ. ಮದುವೆಯಾಗಿ ಹೊರಡುವ ಹೆಣ್ಣುಮಕ್ಕಳ ಪೆಟ್ಟಿಗೆಯಲ್ಲಿ ತಾಯಂದಿರು ಅದನ್ನಿಟ್ಟು ಕಳುಹಿಸುವುದುಂಟು.

ಅದರಲ್ಲಿರುವುದು ಮುಖ್ಯವಾಗಿ ಮನೆಯ ಊಟ: ಸಾಂಬಾರು, ಕುಳಂಬು, ರಸಂ, ಕೂಟು, ಪಚಡಿ, ಚಿತ್ರಾನ್ನ. ನಮ್ಮ ಹುಳಿ, ಸಾರು, ಮಜ್ಜಿಗೆಹುಳಿಗಳಿಗೆ ಇವೆಲ್ಲ ದಾಯಾದಿಗಳು. ಪುಟ ಬಿಡದೆ, ದಿನಕ್ಕೊಂದರಂತೆ ಮಾಡುತ್ತ ಹೋಗೋಣವೆಂದು ತಾಯಿಮಗಳು ನಿಶ್ಚಯಿಸಿದೆವು. ಅತ್ತೆಯವರ ಹುಳಿಗೆ ಹತ್ತಿರವಾದುದು ಯಾವುದಾದರೂ ಸಿಕ್ಕೀತೆಂಬ ಆಸೆ ನನ್ನದು.

ಮೊದಲ ದಿನವೇ ಅಳತೆಯಲ್ಲಿ ಎಡವಿದೆ. ನಮ್ಮದು ಹಳೆಯ ಪ್ರತಿ, ಅಳತೆಗಳೂ ಹಳೆಯವು. ತಮಿಳು ಸೀಮೆಯಲ್ಲಿ ಎಂಟು ಆಳಾಕ್ಕಿಗೆ ಒಂದು ಪಡಿ. ನಮ್ಮ ಮೈಸೂರಿನಲ್ಲಿ ನಾಲ್ಕು ಪಾವಿಗೆ ಒಂದು ಸೇರು. ತೊಲವೆಂದರೆ ಈಗಿನ ಲೆಕ್ಕದಲ್ಲಿ ಸುಮಾರು 11.7 ಗ್ರಾಂ. 1956ರ ಕಾಯಿದೆಯ ತರುವಾಯ ಮೆಟ್ರಿಕ್ ಅಳತೆ ಬಂದು ಇವು ಅಂಗಡಿಗಳಿಂದ ಮರೆಯಾದವು. ಪಾವು ಮಾತ್ರ ನಮ್ಮ ಅಕ್ಕಿಯ ಡಬ್ಬದಲ್ಲಿ ಇನ್ನೂ ಕುಳಿತಿದೆ. ಆಳಾಕ್ಕೂ ಪಾವೂ ಒಂದೇ ಎಂದೆಣಿಸಿ ಬೇಳೆ ಹಾಕಿದೆ. ಸಾಂಬಾರಾಗಬೇಕಾದುದು ತೊವ್ವೆಯಾಯಿತು. ಯಜಮಾನರು ಏನೂ ಹೇಳದೆ ತುಪ್ಪ ಬಡಿಸೆಂದರು.

ಎರಡನೆಯ ಪೆಟ್ಟು ಮಗಳ ಕೈಯಿಂದ ಬಿತ್ತು. ಅವಳು ಅವಸರದಲ್ಲಿ ಬೇಳೆ, ತರಕಾರಿ, ಹುಣಿಸೆಯ ರಸ ಎಲ್ಲವನ್ನೂ ಒಟ್ಟಿಗೆ ಪಾತ್ರೆಗೆ ಹಾಕಿ ಒಲೆಯ ಮೇಲಿಟ್ಟಳು. ಗಂಟೆ ಕಳೆದರೂ ಬೇಳೆ ಗಟ್ಟಿಯಾಗಿಯೇ ಉಳಿಯಿತು. ಬೇಳೆಯನ್ನು ಮೊದಲು ಬೇಯಿಸಿಟ್ಟು, ತರಕಾರಿಯನ್ನು ಹುಣಿಸೆಯ ನೀರಿನಲ್ಲಿ ಕುದಿಸಿ, ಆಮೇಲೆ ಎರಡನ್ನೂ ಕೂಡಿಸುವುದು ಕ್ರಮ. ಹುಳಿಯ ಅಂಶ ಸೇರಿದ ನೀರಿನಲ್ಲಿ ಬೇಳೆ ಬೇಗ ಮೃದುವಾಗದು. “ಅಷ್ಟೂ ತಿಳಿಯದೇನೆ?” ಎಂದು ಗದರಿಸಿದೆ. ಅವಳು ಮುಖವೆತ್ತಿ, “ನೀನು ಯಾವತ್ತು ಹೇಳಿದ್ದೆ ಅಮ್ಮ? ಕೇಳಿದಾಗಲೆಲ್ಲ ನೋಡ್ತಾ ಇರು, ಗೊತ್ತಾಗುತ್ತೆ ಅಂತಿದ್ದೆಯಲ್ಲ” ಎಂದಳು.

ಆ ಮಾತು ನನ್ನನ್ನು ಹಿಡಿದು ನಿಲ್ಲಿಸಿತು. ಅತ್ತೆಯವರ ಮೇಲೆ ನಾನು ಮನಸ್ಸಿನಲ್ಲೇ ಹೊರಿಸಿದ್ದ ತಪ್ಪನ್ನು ನಾನೂ ಮಾಡುತ್ತ ಬಂದಿದ್ದೆ.

ಅಂದಿನಿಂದ ಪುಸ್ತಕದ ಪಕ್ಕದಲ್ಲಿ ಒಂದು ನೋಟುಪುಸ್ತಕವೂ ಬಂದಿತು. ಪುಸ್ತಕ ಹೇಳುವುದಕ್ಕೊಂದು ಮಿತಿ ಇದೆಯೆಂಬುದೂ ತಿಳಿಯುತ್ತ ಬಂದಿತು. ಒಣಮೆಣಸಿನಕಾಯಿ ಇಷ್ಟು ಎಂದು ಬರೆದರೆ ಸಾಲದು. ಬ್ಯಾಡಗಿಯದಾದರೆ ಬಣ್ಣ ಹೆಚ್ಚು, ಖಾರ ಕಡಮೆ. ಗುಂಟೂರಿನದಾದರೆ ಅಷ್ಟೇ ಕಾಯಿಗೆ ಕಣ್ಣಲ್ಲಿ ನೀರು. ಹೊಸ ಹುಣಿಸೆಯ ಹುಳಿ ಬೇರೆ, ಹಳೆಯದರ ಹುಳಿ ಬೇರೆ. ಬೇಳೆ ಹಳೆಯದಾದಷ್ಟೂ ಬೇಯಲು ಹೊತ್ತು ಹೆಚ್ಚು. ಗಡಸು ನೀರಿನ ಊರಿನಲ್ಲಿ ಇನ್ನೂ ಹೆಚ್ಚು. ಇವನ್ನೆಲ್ಲ ಮಗಳು ಅಂಚಿನಲ್ಲಿ ಬರೆಯುತ್ತ ಹೋದಳು. ಅಳತೆಯೊಂದು ಕೈಯಲ್ಲಿದ್ದರೆ ಹೆಚ್ಚು ಮಾಡಲೂ ಕಡಮೆ ಮಾಡಲೂ ಒಂದು ನೆಲೆಯಾಗುತ್ತದೆ; ಅಳತೆಯೇ ಇಲ್ಲದಿದ್ದರೆ ತಪ್ಪಿದ್ದು ಎಲ್ಲಿ ಎಂಬುದೂ ಗೊತ್ತಾಗದು. ಪುಸ್ತಕದಿಂದ ನಾನು ಕಲಿತ ದೊಡ್ಡ ಪಾಠ ಇದೇ.

ದಿನಬಳಕೆಯ ಅಡಿಗೆಗಳು ಮುಗಿದವು. ರುಚಿಯಾದ ಊಟ ಅನೇಕ ದಿನ ಸಿಕ್ಕಿತು. ಅತ್ತೆಯವರ ಹುಳಿ ಮಾತ್ರ ಸಿಕ್ಕಲಿಲ್ಲ. ಅದು ಸಿಕ್ಕತಕ್ಕದ್ದೂ ಅಲ್ಲ. ಅದು ಆ ಮನೆಯ ಪುಸ್ತಕ, ಇದು ನಮ್ಮ ಮನೆ. ಆಗ ನೆನಪಾದವರು ಅತ್ತೆಯವರ ತಂಗಿ. ಅವರಿಗೆ ಎಂಬತ್ತನಾಲ್ಕು ವರ್ಷ, ಹಾಸನದಲ್ಲಿದ್ದಾರೆ. ತಕ್ಕಡಿಯೊಂದನ್ನು ಚೀಲದಲ್ಲಿಟ್ಟುಕೊಂಡು ತಾಯಿಮಗಳು ಹೋದೆವು. “ಅಳತೆಗಿಳತೆ ನನಗೆ ಗೊತ್ತಿಲ್ಲ ಕಣ್ರೇ” ಎಂದು ಅವರೂ ನಕ್ಕರು. ನಾವು ಅವರನ್ನು ಏನೂ ಕೇಳಲಿಲ್ಲ. ಸಾಮಾನುಗಳ ಡಬ್ಬಗಳನ್ನೆಲ್ಲ ಮೊದಲೇ ತೂಗಿ ಬರೆದಿಟ್ಟುಕೊಂಡೆವು. ಅವರು ತಮ್ಮ ಅಭ್ಯಾಸದಂತೆ ಹಿಡಿಯಲ್ಲಿ ತೆಗೆದು ಹುರಿದರು. ಆಮೇಲೆ ಡಬ್ಬಗಳನ್ನು ಮತ್ತೆ ತೂಗಿ ಕಳೆದೆವು. ಅವರ ಒಂದು ಹಿಡಿ ಕೊತ್ತಂಬರಿ ಬೀಜ 28 ಗ್ರಾಂ!

ತೂಕಕ್ಕೆ ಸಿಕ್ಕದ ಸಂಗತಿಯೂ ಅಲ್ಲಿ ಕಣ್ಣಿಗೆ ಬಿದ್ದಿತು. ಬೇಳೆಗಳನ್ನು ಕೆಂಪಗೆ ಹುರಿದಾದ ಮೇಲೆ ಅವರು ಒಲೆ ಆರಿಸಿ, ಕಾದ ಬಾಣಲೆಯ ಬಿಸಿಯಲ್ಲಿಯೇ ಕೊತ್ತಂಬರಿ ಬೀಜವನ್ನು ಕೈಯಾಡಿಸಿದರು. “ಉರಿ ಮೇಲೆ ಹುರಿದರೆ ಘಮ ಹೋಗುತ್ತೆ. ಅಕ್ಕನೂ ಹೀಗೇ ಮಾಡ್ತಿದ್ದಳು” ಎಂದರು. ಮೂವತ್ತು ವರ್ಷ ಒಂದೇ ಅಡಿಗೆಮನೆಯಲ್ಲಿದ್ದು ನಾನು ಇದನ್ನು ಗಮನಿಸಿರಲಿಲ್ಲ.

ಆ ಪುಡಿಯಿಂದ ಹುಳಿ ಮಾಡಿದ ದಿನ ಯಜಮಾನರು ಮೊದಲ ತುತ್ತಿಗೇ ತಲೆಯೆತ್ತಿದರು. “ಮುಕ್ಕಾಲು ಪಾಲು ಅಮ್ಮನದೇ” ಎಂದರು. ಉಳಿದ ಕಾಲು ಪಾಲು ಎಲ್ಲಿದೆಯೋ ನಾನು ಹುಡುಕಲು ಹೋಗಲಿಲ್ಲ.

ಪಾಕವನ್ನು ಬರೆದಿಡುವುದು ಕನ್ನಡಿಗರಿಗೆ ಹೊಸದೇನೂ ಅಲ್ಲ. ಹನ್ನೊಂದನೆಯ ಶತಮಾನದಲ್ಲಿಯೇ ಚಾವುಂಡರಾಯನ ‘ಲೋಕೋಪಕಾರ’ದಲ್ಲಿ ಅದಕ್ಕೆ ಸ್ಥಾನವಿದ್ದಿತು, ಹದಿನಾರನೆಯ ಶತಮಾನದ ಮೂರನೆಯ ಮಂಗರಸನು ‘ಸೂಪಶಾಸ್ತ್ರ’ವನ್ನು ಷಟ್ಪದಿಯಲ್ಲಿಯೇ ರಚಿಸಿದನು. ನಾವು ಪದ್ಯ ಕಟ್ಟಬೇಕಾಗಿಲ್ಲ. ಮನೆಯಲ್ಲಿ ಹಿರಿಯರಿದ್ದರೆ, ಅವರನ್ನು ಪ್ರಶ್ನೆಗಳಿಂದ ಕಾಡದೆ, ಒಂದು ತಕ್ಕಡಿಯನ್ನೂ ಒಂದು ನೋಟುಪುಸ್ತಕವನ್ನೂ ಹಿಡಿದು ಅವರ ಪಕ್ಕದಲ್ಲಿ ಒಂದು ದಿನ ಕುಳಿತರೆ ಸಾಕು. ಡಬ್ಬದ ತಳ ಕಾಣುವ ಮೊದಲೇ ಈ ಕೆಲಸವಾಗಬೇಕು.

ನಮ್ಮ ನೋಟುಪುಸ್ತಕದಲ್ಲಿ ಈಗ ನಲವತ್ತು ಪುಟ ತುಂಬಿವೆ. ಅದರ ಮೊದಲನೆಯ ಪುಟದಲ್ಲಿ ಅತ್ತೆಯವರ ಹುಳಿಪುಡಿ ಇದೆ. ಎರಡನೆಯದರಲ್ಲಿ, ಮಗಳ ಅಕ್ಷರದಲ್ಲಿ, ನನ್ನ ಸಾರು.