ಮುಯ್ಯಾಳಿನ ಮನೆ

'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂಬ ಗಾದೆಯನ್ನು ಕೇಳದ ಕನ್ನಡಿಗರು ಯಾರಿದ್ದಾರೆ? ಈ ನಾಡಿಗೆ ಬಂದು ನೆಲೆಸಿದ ನಮ್ಮಲ್ಲಿ ಹಲವರು ಮಕ್ಕಳ ಮದುವೆಯನ್ನೇನೋ ಮಾಡಿ ನೋಡಿದ್ದೇವೆ. ಮನೆಯ ವಿಷಯಕ್ಕೆ ಬಂದರೆ ಕಟ್ಟಿ ನೋಡಿದವರು ಕಡಿಮೆ, ಕೊಂಡು ನೋಡಿದವರೇ ಹೆಚ್ಚು. ಎಸ್ಟೇಟ್ ಏಜೆಂಟ್ ಮನೆ ತೋರಿಸುತ್ತಾನೆ, ಸಾಲಿಸಿಟರ್ ಕಾಗದಪತ್ರ ಮಾಡುತ್ತಾನೆ, ಬ್ಯಾಂಕು ಸಾಲ ಕೊಡುತ್ತದೆ. ನಾವು ಸ್ಮೋಕ್ ಅಲಾರಂ ಕೂಗದಂತೆ ಎಚ್ಚರವಹಿಸಿ ಹಾಲು ಉಕ್ಕಿಸಿ ಒಳಗೆ ಹೋಗುತ್ತೇವೆ! ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಸೈಟು ಇದ್ದವರು ಫೋನಿನ ಮೇಲೆಯೇ ಮನೆ ಕಟ್ಟಿಸಿದ್ದಾರೆ. ಕಟ್ಟುವುದಕ್ಕೂ ಕಟ್ಟಿಸುವುದಕ್ಕೂ ನಮ್ಮ ಭಾಷೆಯಲ್ಲಿ ವ್ಯತ್ಯಾಸ ಅಷ್ಟಿಷ್ಟೇ. ಬದುಕಿನಲ್ಲಿ ಮಾತ್ರ ಅಜಗಜಾಂತರ.

ಇಲ್ಲಿ ಹುಟ್ಟಿದ ನಮ್ಮ ಮಕ್ಕಳಿಗೆ 'ಮುಯ್ಯಾಳು' ಎಂಬ ಪದ ಗೊತ್ತಿರಲಾರದು. ಇಂದು ನಾನು ನಿಮ್ಮ ಕೆಲಸಕ್ಕೆ ಬಂದರೆ ನಾಳೆ ನೀವು ನನ್ನ ಕೆಲಸಕ್ಕೆ ಬರಬೇಕು, ಕೂಲಿಯ ಮಾತಿಲ್ಲ, ಇದೇ ಮುಯ್ಯಾಳಿನ ಪದ್ಧತಿ. ಮಲೆನಾಡಿನಲ್ಲಿ ಮಳೆಗಾಲಕ್ಕೆ ಮುಂಚೆ ಮನೆಗಳಿಗೆ ಅಡಿಕೆ ಸೋಗೆ ಹೊದಿಸುತ್ತಿದ್ದ ಕಾಲದಲ್ಲಿ ಅಕ್ಕಪಕ್ಕದವರೆಲ್ಲ ಸೇರುತ್ತಿದ್ದರು. ಒಬ್ಬ ಕೆಳಗಿನಿಂದ ಕಟ್ಟು ಎಸೆದರೆ ಇನ್ನೊಬ್ಬ ಮೇಲೆ ಹಿಡಿಯುತ್ತಿದ್ದ. ಮಧ್ಯಾಹ್ನ ಎಲ್ಲರಿಗೂ ಊಟ. ಮುಯ್ಯಿಯ ಲೆಕ್ಕ ಯಾವ ಪುಸ್ತಕದಲ್ಲೂ ಇರುತ್ತಿರಲಿಲ್ಲ, ಆದರೆ ಯಾರೂ ಮರೆಯುತ್ತಿರಲಿಲ್ಲ. ಸೋಗೆಯ ಜಾಗಕ್ಕೆ ಹೆಂಚು ಬಂತು, ಆಮೇಲೆ ಕಾಂಕ್ರೀಟು ಬಂತು. ಸೂರು ಭದ್ರವಾಯಿತು, ವರ್ಷಕ್ಕೊಮ್ಮೆ ನೆರೆಯವನನ್ನು ಕರೆಯಬೇಕಾದ ಅಗತ್ಯ ಹೋಯಿತು.

ಇಂಗ್ಲೆಂಡಿನಲ್ಲಿ ಇಂಥದ್ದು ಇಲ್ಲವೇ ಇಲ್ಲ ಎಂದುಕೊಳ್ಳಬೇಡಿ. ವಾಲ್ಟರ್ ಸೀಗಲ್ ಎಂಬ ವಾಸ್ತುಶಿಲ್ಪಿ 1960ರ ದಶಕದಲ್ಲಿ ಲಂಡನ್ನಿನ ತನ್ನ ಮನೆಯನ್ನು ಕೆಡವಿ ಕಟ್ಟಿಸುವಾಗ, ಸಂಸಾರದ ತಾತ್ಕಾಲಿಕ ವಾಸಕ್ಕೆಂದು ತೋಟದಲ್ಲಿ ಒಂದು ಮರದ ಮನೆ ನಿಲ್ಲಿಸಿದ. ಅದಕ್ಕೆ ಹಿಡಿದದ್ದು ಎರಡೇ ವಾರ. ಅಂಗಡಿಯಲ್ಲಿ ಸಿಗುವ ಅಳತೆಯ ಹಲಗೆಗಳನ್ನು ಆದಷ್ಟೂ ಕತ್ತರಿಸದೆ ಮರದ ಚೌಕಟ್ಟಿಗೆ ಜೋಡಿಸಿ ಬೋಲ್ಟು ಬಿಗಿಯುವುದು, ಇಟ್ಟಿಗೆ-ಗಾರೆಯ ಗೋಜಿಗೆ ಹೋಗದಿರುವುದು, ಇಷ್ಟೇ ಅವನ ಉಪಾಯ. ಮುಂದೆ ಲೂಯಿಷಮ್ ಕೌನ್ಸಿಲ್ ತನ್ನ ವಸತಿ ಪಟ್ಟಿಯಲ್ಲಿ ಕಾಯುತ್ತಿದ್ದ ಕುಟುಂಬಗಳಿಗೆ ಇಳಿಜಾರಿನ ಜಾಗ ಕೊಟ್ಟಿತು. ಹಿಂದೆಂದೂ ಸುತ್ತಿಗೆ ಹಿಡಿಯದವರೂ ಅಲ್ಲಿ ಸಂಜೆ, ವಾರಾಂತ್ಯಗಳಲ್ಲಿ ಒಬ್ಬರಿಗೊಬ್ಬರು ಕೈಜೋಡಿಸಿ ಮನೆ ಕಟ್ಟಿಕೊಂಡರು. ಆ ಬೀದಿಗಳಲ್ಲೊಂದಕ್ಕೆ ಇವತ್ತಿಗೂ 'ವಾಲ್ಟರ್ಸ್ ವೇ' ಎಂದೇ ಹೆಸರು.

ನಮ್ಮ ಉತ್ತರದವರಿಗೆ ಅಷ್ಟು ದೂರ ಹೋಗಬೇಕಾಗಿಲ್ಲ. ಲೀಡ್ಸ್ ನಗರದ ಬ್ರಾಮ್ಲಿಯಲ್ಲಿ, ಹಳೆಯ ಶಾಲೆಯೊಂದರ ಜಾಗದಲ್ಲಿ 'ಲೈಲ್ಯಾಕ್' ಎಂಬ 20 ಮನೆಗಳ ಸಮುದಾಯವಿದೆ, 2013ರಲ್ಲಿ ಪೂರ್ತಿಯಾಯಿತು. ಗೋಡೆಗಳು ಮರದ ಚೌಕಟ್ಟಿನಲ್ಲಿ ಹುಲ್ಲು ತುಂಬಿದವು. ಹೌದು, ನಮ್ಮ ಬಣವೆಯಲ್ಲಿರುವಂಥ ಒಣಹುಲ್ಲೇ! ದಪ್ಪ ಹುಲ್ಲಿನ ಗೋಡೆ ಚಳಿಯನ್ನು ಚೆನ್ನಾಗಿ ತಡೆಯುತ್ತದೆ. ಕಟ್ಟಡವನ್ನು ಕಂತ್ರಾಟುದಾರರೇ ಕಟ್ಟಿದರೂ, ಹುಲ್ಲು ತುಂಬುವ ಕೆಲಸದಲ್ಲಿ ಅಲ್ಲಿ ವಾಸಿಸಲಿದ್ದವರೂ ಕೈಹಾಕಿದರು. ಪ್ರತಿ ಕುಟುಂಬ ತನ್ನ ನಿವ್ವಳ ಆದಾಯದ ಶೇಕಡ 35ರಷ್ಟನ್ನು ಮನೆಗಾಗಿ ಕಟ್ಟುತ್ತದೆ. ನಡುವೆ ಎಲ್ಲರಿಗೂ ಸೇರಿದ ಒಂದು ಸಾಮಾನ್ಯ ಮನೆ. ಅಲ್ಲಿ ಬಟ್ಟೆ ಒಗೆಯಬಹುದು, ಸೇರಿ ಉಣ್ಣಬಹುದು. ನಮ್ಮ ತೊಟ್ಟಿಮನೆಯನ್ನು ಯಾರೋ ಯಾರ್ಕ್‌ಷೈರಿಗೆ ಹೊತ್ತು ತಂದಂತೆ.

ನಿಮಗೂ ಮನಸ್ಸಾದರೆ ಕಾನೂನು ಅಡ್ಡಿಯಾಗಿಲ್ಲ. 2015ರ ಶಾಸನದ ಪ್ರಕಾರ ಇಂಗ್ಲೆಂಡಿನ ಸ್ಥಳೀಯ ಆಡಳಿತಗಳು ಸ್ವಂತ ಮನೆ ಕಟ್ಟಬಯಸುವವರ ನೋಂದಣಿ ಪುಸ್ತಕ ಇಡಬೇಕು. ಸ್ವಂತ ವಾಸಕ್ಕೆ ಕಟ್ಟಿದ ಹೊಸ ಮನೆಯ ಸಾಮಗ್ರಿಗೆ ತೆತ್ತ ಶೇಕಡ 20ರ ವ್ಯಾಟ್ ತೆರಿಗೆಯನ್ನು ಮರಳಿ ಪಡೆಯಬಹುದು. ಕೆಲಸ ಮುಗಿದ 6 ತಿಂಗಳೊಳಗೆ ಅರ್ಜಿ ಹಾಕಬೇಕು. ಇರುವ ಮನೆಯನ್ನು ವಿಸ್ತರಿಸುವವರಿಗೆ ಈ ಭಾಗ್ಯವಿಲ್ಲ. ಬಿಲ್ಲುಗಳನ್ನು ಜೋಪಾನ ಮಾಡಲು ಅಕೌಂಟೆಂಟ್ ಗೆಳೆಯನೊಬ್ಬನಿದ್ದರೆ, ಅವನು ಒಂದು ಇಟ್ಟಿಗೆ ಎತ್ತದಿದ್ದರೂ ಅವನೇ ದೊಡ್ಡ ಮುಯ್ಯಾಳು.

ವೈದ್ಯನಾಗಿ ಎರಡು ಮಾತು ಹೇಳದಿದ್ದರೆ ತಪ್ಪಾದೀತು. ಪ್ರೀತಿಯಿಂದ ಬಂದ ಸ್ನೇಹಿತನನ್ನು ಏಣಿಯ ತುದಿಗೆ ಹತ್ತಿಸಬೇಡಿ. ಐವತ್ತು ದಾಟಿದ ಸೊಂಟಕ್ಕೆ ಸಿಮೆಂಟಿನ ಮೂಟೆ ಹೊರಿಸಬೇಡಿ. ಕಾಂಕ್ರೀಟ್ ಕತ್ತರಿಸುವಾಗ ಏಳುವ ಸಿಲಿಕಾ ಧೂಳು ಶ್ವಾಸಕೋಶಕ್ಕೆ ವಿಷ. ನೀರು ಹಾಯಿಸಿ ಕತ್ತರಿಸಬೇಕು, ಸರಿಯಾದ ಮಾಸ್ಕ್ ಹಾಕಬೇಕು. 2000ಕ್ಕೆ ಮುಂಚಿನ ಕಟ್ಟಡ ಒಡೆಯುವ ಮೊದಲು ಆಸ್‌ಬೆಸ್ಟಾಸ್ ಇದೆಯೇ ಎಂದು ತಜ್ಞರಿಂದ ಪರೀಕ್ಷೆ ಮಾಡಿಸಿ. ಅದರ ನಾರು ತರುವ ಕ್ಯಾನ್ಸರ್ ಹಲವು ದಶಕಗಳ ನಂತರ ಕಾಣಿಸಿಕೊಳ್ಳುತ್ತದೆ. ಗ್ಯಾಸ್ ಕೆಲಸ ನೋಂದಾಯಿತರಿಗೆ, ವೈರಿಂಗ್ ಅರ್ಹ ಎಲೆಕ್ಟ್ರಿಷಿಯನ್ನರಿಗೆ ಇರಲಿ. ಸಹಾಯಕ್ಕೆ ಬಂದವರಿಗೂ ಅನ್ವಯಿಸುವ ವಿಮೆ ಮಾಡಿಸಿ. ಬಣ್ಣ ಬಳಿಯುವುದು, ಬೇಲಿ ಹಾಕುವುದು, ತೋಟ ಅಗೆಯುವುದು, ಮಕ್ಕಳನ್ನು ನೋಡಿಕೊಳ್ಳುವುದು, ಎಲ್ಲರಿಗೂ ಬಿಸಿಬೇಳೆ ಭಾತ್ ಮಾಡುವುದು, ಇವೆಲ್ಲ ಸ್ನೇಹಿತರ ಪಾಲಿಗೆ ಬರಲಿ.

ಇಷ್ಟೆಲ್ಲ ತಾಪತ್ರಯ ಏಕೆ, ದುಡ್ಡು ಕೊಟ್ಟರೆ ಬಿಲ್ಡರ್ ಬರುವುದಿಲ್ಲವೇ ಎಂದು ನೀವು ಕೇಳಬಹುದು. ಖಂಡಿತ ಬರುತ್ತಾನೆ, ಕೆಲಸ ಮುಗಿಸಿ ಹೋಗುತ್ತಾನೆ. ನನ್ನ ಕ್ಲಿನಿಕ್ಕಿಗೆ ಬರುವ ವಯಸ್ಸಾದವರನ್ನು 'ಮನೆಗೆ ಯಾರು ಬಂದು ಹೋಗುತ್ತಾರೆ?' ಎಂದು ಕೇಳುವುದು ನನ್ನ ರೂಢಿ. ನಾಲ್ಕು ಬೆಡ್‌ರೂಮಿನ ಮನೆಯಿದ್ದೂ ಉತ್ತರವಿಲ್ಲದೆ ಕೂರುವವರಿದ್ದಾರೆ. ಈಗೀಗ ಅವರಲ್ಲಿ ನಮ್ಮ ಭಾರತೀಯ ಮುಖಗಳೂ ಕಾಣತೊಡಗಿವೆ. ನಾವು ಹೊಸದಾಗಿ ಈ ದೇಶಕ್ಕೆ ಬಂದಾಗ ಆಸ್ಪತ್ರೆ ಕ್ವಾರ್ಟರ್ಸ್‌ನಿಂದ ಕ್ವಾರ್ಟರ್ಸ್‌ಗೆ ಸಾಮಾನು ಸಾಗಿಸಲು ಸ್ನೇಹಿತರು ವ್ಯಾನ್ ತರುತ್ತಿದ್ದರು, ಗೋಡೆಗೆ ಬಣ್ಣ ಬಳಿದು ಕೊಡುತ್ತಿದ್ದರು. ಸಂಬಳ ಹೆಚ್ಚಾದಂತೆ ಒಬ್ಬರನ್ನೊಬ್ಬರು ಕೆಲಸಕ್ಕೆ ಕರೆಯುವುದನ್ನು ಬಿಟ್ಟು ಊಟಕ್ಕೆ ಮಾತ್ರ ಕರೆಯತೊಡಗಿದೆವು. ಊಟದ ನಂಟೂ ಒಳ್ಳೆಯದೇ. ಆದರೆ ಜೊತೆಯಲ್ಲಿ ಬೆವರು ಸುರಿಸಿದ ನಂಟು ಕಷ್ಟಕಾಲದಲ್ಲಿ ಕರೆಯದೆಯೂ ಬರುತ್ತದೆ.

ಎಲ್ಲರೂ ಬುನಾದಿಯಿಂದ ಮನೆ ಕಟ್ಟಲಾಗದು. ಈ ಬೇಸಿಗೆಯಲ್ಲಿ ಒಂದು ಶೆಡ್ಡು, ಒಂದು ಬೇಲಿ, ಒಂದು ಕೋಣೆಯ ಬಣ್ಣದಿಂದ ಶುರುಮಾಡಬಹುದಲ್ಲ? ಬರ್ಮಿಂಗ್‌ಹ್ಯಾಮಿನವರು ಮ್ಯಾಂಚೆಸ್ಟರಿಗೆ ಒಂದು ಶನಿವಾರ ಹೋಗಲಿ, ಮ್ಯಾಂಚೆಸ್ಟರಿನವರು ಲೀಡ್ಸಿಗೆ ಬರಲಿ. ಮಕ್ಕಳ ಕೈಗೂ ಒಂದೊಂದು ಬ್ರಷ್ ಕೊಡಿ. ಮುಯ್ಯಾಳು ಎಂಬ ಪದದ ಅರ್ಥ ಅವರಿಗೆ ಸಂಜೆಯೊಳಗೆ ತಿಳಿದಿರುತ್ತದೆ.