ಟೆಲಿಫೋನು ತಂತಿಯಲ್ಲಿ ಅಂತರ್ಜಾಲ

1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಸುಮಾರು 147 ಕಿಲೋಮೀಟರು ಹರಿದು ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. ಅದೇ ಗಣಿಸೀಮೆಯ ಚಾಂಪಿಯನ್ ರೀಫ್ಸಿನ ಮನೆಗೆ ಟೆಲಿಫೋನು ತಂತಿಯ ಮೂಲಕ ಅಂತರ್ಜಾಲ ಬರಬೇಕಾದರೆ ಐದು ಕಿಲೋಮೀಟರೂ ದೂರವೇ ಸರಿ. ಇದರ ಕಾರಣವನ್ನು ವಿಚಾರಿಸೋಣ.

ಟೆಲಿಫೋನಿನ ಮಾತಿಗೆ ಸೆಕೆಂಡಿಗೆ 300ರಿಂದ 3,400ರವರೆಗಿನ ಕಂಪನಗಳು ಸಾಕು. ತಾಮ್ರದ ತಂತಿಯಾದರೋ ಹತ್ತು ಲಕ್ಷಕ್ಕೂ ಮೇಲ್ಪಟ್ಟ ಕಂಪನಗಳನ್ನು ಒಯ್ಯಬಲ್ಲುದು. ಬರಿದಾಗಿದ್ದ ಈ ಮೇಲಿನ ಸ್ಥಾಯಿಗಳನ್ನು ನೂರಾರು ಕಿರುದಾರಿಗಳಾಗಿ ವಿಭಾಗಿಸಿ, ಮೋಡೆಮ್ ಎಂಬ ಯಂತ್ರವು ಅಕ್ಷರ ಚಿತ್ರಗಳ ಸಂಕೇತಗಳನ್ನು ಅವುಗಳಲ್ಲಿ ಕಳುಹಿಸುತ್ತದೆ. ಸ್ಪ್ಲಿಟರ್ ಎಂಬ ಉಪಕರಣವು ಮಾತನ್ನೂ ಸಂಕೇತವನ್ನೂ ಬೇರ್ಪಡಿಸುವುದರಿಂದ ಎರಡೂ ಏಕಕಾಲದಲ್ಲಿ ನಡೆಯುತ್ತವೆ. 2005ರಲ್ಲಿ ಬಿ.ಎಸ್.ಎನ್.ಎಲ್. ಸಂಸ್ಥೆಯು ಈ ಕ್ರಮವನ್ನು ಬಳಕೆಗೆ ತಂದಿತು.

ಆದರೆ ಕಂಪನವು ಏರಿದಷ್ಟೂ ತಂತಿಯಲ್ಲಿ ಬೇಗ ಕ್ಷೀಣಿಸುತ್ತದೆ. ಆದಕಾರಣ ಎಕ್ಸ್‌ಚೇಂಜಿನಿಂದ ದೂರವಿರುವ ಮನೆಯಲ್ಲಿ ಮಾತು ಸ್ಪಷ್ಟವಾಗಿ ಕೇಳಿದರೂ ಅಂತರ್ಜಾಲವು ಕುಂಟುತ್ತದೆ. ಅಲ್ಲಿ ಓದುವ ವಿದ್ಯಾರ್ಥಿಗೆ ಪಾಠವು ತಡವಾಗಿ ತಲಪಿದರೆ, ದೋಷವು ಯಂತ್ರದಲ್ಲಿಯೇ ಇರಬೇಕೆಂದಿಲ್ಲ. ತಂತಿಯ ಉದ್ದದಲ್ಲಿಯೂ ಇರಬಹುದು.