ಸೈಕಲ್ಲಿಗೆ ತನ್ನ ವೇಗ ಹೇಗೆ ಗೊತ್ತಾಗತ್ತೆ?



ನಮ್ಮ ಅಣ್ಣನ ಕರೆಂಟ್ ಸೈಕಲ್ಲನ್ನು ನೀವೆಲ್ಲ ನೋಡಿದ್ದೀರಿ. ನಮ್ಮ ತಾತನ 28 ಇಂಚಿನ ಹಳೇ ಸೈಕಲ್ಲಿಗೇ ಪೆಡಲಿನ ಹತ್ತಿರ ಒಂದು ಮೋಟರು, ಬಾರಿಗೆ ಬ್ಯಾಟರಿ, ಹ್ಯಾಂಡಲ್ಲಿಗೆ ಪುಟ್ಟ ಮೀಟರು ಹಾಕಿಸಿದ್ದಾನೆ. ಅದರಲ್ಲೇ ದಿನಾ ಪೇಟೆಯ ಹೋಟೆಲಿಗೆ ಹಾಲು ಹಾಕಿ ಬರುತ್ತಾನೆ.

ಹೋದ ಮಳೆಗಾಲದಲ್ಲಿ ಒಂದು ದಿನ ಅರ್ಧ ದಾರಿಯಲ್ಲಿ ಮೀಟರು 0 ತೋರಿಸಿತು. ಸೈಕಲ್ ಓಡುತ್ತಾನೇ ಇದೆ, ಮೀಟರು ಮಾತ್ರ ಸೊನ್ನೆ! ಸ್ವಲ್ಪ ಹೊತ್ತಿಗೆ ಮೋಟರೂ ನಿಂತಿತು. ಹಾಲಿನ ಕ್ಯಾನ್ ಸಮೇತ ತುಳಿದುಕೊಂಡು ಹೋಗುವಷ್ಟರಲ್ಲಿ ಅಣ್ಣನಿಗೆ ಸಾಕಾಗಿ ಹೋಯಿತು. ಪೇಟೆಯ ಒಂದು ಅಂಗಡಿಯವರು "ಬ್ಯಾಟರಿ ಹೋಗಿದೆ, ಹೊಸದು ಹಾಕಿಸಿ" ಅಂದರು. ಅಷ್ಟು ದುಡ್ಡು ಎಲ್ಲಿಂದ ತರೋದು? ಅಪ್ಪ "ಕರು ಮಾರೋಣ" ಅಂದರು. ಅವ್ವ ಆ ರಾತ್ರಿ ಸರಿಯಾಗಿ ಊಟ ಮಾಡಲಿಲ್ಲ.

ಮಾರನೇ ದಿನ ನಾನು ನಮ್ಮ ವಿಜ್ಞಾನದ ಮೇಷ್ಟ್ರನ್ನು ಮನೆಗೆ ಕರೆದುಕೊಂಡು ಬಂದೆ. ಅವರು ಬ್ಯಾಟರಿಯನ್ನು ಮುಟ್ಟಲೇ ಇಲ್ಲ. ಹಿಂದಿನ ಚಕ್ರವನ್ನು ಎತ್ತಿ ತಿರುಗಿಸಿ, "ಇಲ್ಲಿ ನೋಡು" ಅಂದರು. ಸ್ಪೋಕ್ ಕಡ್ಡಿಗೆ ಬೆರಳಿನ ಉಗುರಿನಷ್ಟು ದೊಡ್ಡ ಒಂದು ಅಯಸ್ಕಾಂತ ಕಟ್ಟಿತ್ತು. ಅದರ ಸ್ಕ್ರೂ ಸಡಿಲವಾಗಿ ಒಳಕ್ಕೆ ತಿರುಗಿಕೊಂಡಿತ್ತು. ಅದನ್ನು ಸರಿಮಾಡಿ ಬಿಗಿ ಮಾಡಿದ ಮೇಲೆ ಮೀಟರೂ ಬಂತು, ಮೋಟರೂ ಬಂತು. ಕರು ಈಗಲೂ ನಮ್ಮ ಕೊಟ್ಟಿಗೆಯಲ್ಲೇ ಇದೆ.

ಇಷ್ಟು ಚಿಕ್ಕ ಅಯಸ್ಕಾಂತಕ್ಕೆ ಅಷ್ಟು ದೊಡ್ಡ ಕೆಲಸ ಏನು? ಅದನ್ನು ತಿಳಿಸೋದಕ್ಕೇ ಈ ಲೇಖನ.

ಮೋಟರಿಗೆ ಯಾಕೆ ತಿಳಿಯಲ್ಲ?

ಮೋಟರು ತಾನೇ ತಿರುಗಿಸುತ್ತೆ, ಅದಕ್ಕೆ ವೇಗ ಗೊತ್ತಿರಲ್ವಾ ಅಂತ ನಾನೂ ಕೇಳಿದೆ. ಆದರೆ ನಮ್ಮ ಸೈಕಲ್ಲುಗಳಲ್ಲಿ ಫ್ರೀವೀಲ್ ಇರುತ್ತದೆ. ಇಳಿಜಾರಿನಲ್ಲಿ ಪೆಡಲ್ ನಿಲ್ಲಿಸಿದರೂ ಚಕ್ರ ತಿರುಗುತ್ತಾ ಹೋಗತ್ತಲ್ಲ, ಅದು ಫ್ರೀವೀಲಿನಿಂದ. ಆಗ ಚೈನೂ ನಿಂತಿರುತ್ತದೆ, ಪೆಡಲಿನ ಹತ್ತಿರದ ಮೋಟರೂ ನಿಂತಿರುತ್ತದೆ. ಗೇರ್ ಸೈಕಲ್ಲಾದರೆ ಗೇರ್ ಬದಲಾದಾಗಲೆಲ್ಲ ಲೆಕ್ಕವೂ ಬದಲಾಗುತ್ತದೆ. ಅದಕ್ಕೇ ಚಕ್ರವನ್ನು ನೋಡಿಕೊಳ್ಳಲು ಬೇರೆ ಕಾವಲುಗಾರ ಬೇಕು. ಅವನೇ ಸೆನ್ಸರ್.

ಸೆನ್ಸರ್ ಒಳಗೆ ಏನಿದೆ?

ಎರಡು ಬಗೆ ಉಂಟು. ಮೊದಲನೆಯದು ರೀಡ್ ಸ್ವಿಚ್. ಚಿಕ್ಕ ಗಾಜಿನ ಕೊಳವೆಯೊಳಗೆ ಎರಡು ತೆಳ್ಳನೆಯ ಕಬ್ಬಿಣದ ಪಟ್ಟಿಗಳು ಒಂದಕ್ಕೊಂದು ತಾಗದಂತೆ ಇರುತ್ತವೆ. ಅಯಸ್ಕಾಂತ ಹತ್ತಿರ ಬಂದಾಗ ತಾಗುತ್ತವೆ, ದೂರ ಹೋದಾಗ ಬಿಡುತ್ತವೆ. ಚಕ್ರ ಒಂದು ಸುತ್ತು ಬಂದರೆ ಒಂದು ಸಲ "ಟಿಕ್". ಇದನ್ನು ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಎಲ್ವುಡ್ ಎಂಬವರು 1936ರಲ್ಲಿ ಕಂಡುಹಿಡಿದರು.

ಎರಡನೆಯದು ಹಾಲ್ ಸೆನ್ಸರ್. ಇದು ನಮ್ಮ ಅಣ್ಣನ ಕ್ಯಾನಿನ ಹಾಲಲ್ಲ! ಎಡ್ವಿನ್ ಹಾಲ್ ಎಂಬ ವಿಜ್ಞಾನಿಯ ಹೆಸರು. ವಿದ್ಯುತ್ ಹರಿಯುವ ತಗಡಿನ ಹತ್ತಿರ ಅಯಸ್ಕಾಂತ ಹಿಡಿದರೆ ತಗಡಿನ ಅಡ್ಡಕ್ಕೆ ಸಣ್ಣ ವೋಲ್ಟೇಜ್ ಹುಟ್ಟುತ್ತದೆ ಎಂದು ಅವರು 1879ರಲ್ಲಿ ಕಂಡುಕೊಂಡರು. ಇದರಲ್ಲಿ ಅಲುಗಾಡುವ ಭಾಗವೇ ಇಲ್ಲ, ಆದ್ದರಿಂದ ಸವೆಯುವುದಿಲ್ಲ.

ಲೆಕ್ಕ ಮಾಡೋಣ

ಮೀಟರು ನಿಜವಾಗಿ ವೇಗವನ್ನು ನೋಡುವುದೇ ಇಲ್ಲ. ಎರಡು "ಟಿಕ್"ಗಳ ನಡುವೆ ಎಷ್ಟು ಹೊತ್ತಾಯಿತು ಅಂತ ಮಾತ್ರ ನೋಡುತ್ತದೆ. ಉಳಿದದ್ದು ನಮ್ಮ ಗಣಿತ: ವೇಗ = ದೂರ ÷ ಕಾಲ. ಇಲ್ಲಿ ದೂರ ಅಂದರೆ ಚಕ್ರದ ಪರಿಧಿ.

ನಮ್ಮ ಚಕ್ರ ಒಂದು ಸುತ್ತಿಗೆ 2.2 ಮೀಟರ್ ಹೋಗುತ್ತದೆ. ಒಂದು ಸುತ್ತಿಗೆ ಅರ್ಧ ಸೆಕೆಂಡ್ ಹಿಡಿದರೆ,
2.2 ÷ 0.5 = ಸೆಕೆಂಡಿಗೆ 4.4 ಮೀಟರ್.
4.4 × 3.6 = ಗಂಟೆಗೆ 15.84 ಕಿ.ಮೀ.

ಗಂಟೆಗೆ 4 ಕಿ.ಮೀ. ವೇಗದಲ್ಲಿ ತಳ್ಳಿಕೊಂಡು ಹೋದರೆ ಸುಮಾರು 2 ಸೆಕೆಂಡಿಗೆ ಒಂದು ಟಿಕ್. ಅದಕ್ಕೇ ಸೈಕಲ್ ತಟ್ಟನೆ ನಿಂತರೂ ಮೀಟರು ಸ್ವಲ್ಪ ಹೊತ್ತು ಹಳೇ ಅಂಕಿಯನ್ನೇ ತೋರಿಸುತ್ತದೆ. ಪಾಪ, ಅದು ಮುಂದಿನ ಟಿಕ್ಕಿಗೆ ಕಾಯುತ್ತಿರುತ್ತದೆ! ಇದನ್ನು ಕಡಿಮೆ ಮಾಡಲು ಕೆಲವು ಸೈಕಲ್ಲುಗಳಲ್ಲಿ ಒಂದೇ ಸುತ್ತಿಗೆ ಹಲವು ಟಿಕ್ ಬರುವಂತೆ ಹೆಚ್ಚು ಅಯಸ್ಕಾಂತ ಇಟ್ಟಿರುತ್ತಾರೆ.

ಮೀಟರು ಸುಳ್ಳು ಹೇಳಬಹುದೇ?

ಹೇಳಬಹುದು. ತಪ್ಪು ಅದರದ್ದಲ್ಲ, ನಮ್ಮದು. ಪೇಟೆಗೆ ಹೋಗಿಬರಲು ಕಿಲೋಮೀಟರ್ ಕಲ್ಲಿನ ಪ್ರಕಾರ 16 ಕಿ.ಮೀ. ಆದರೆ ಅಣ್ಣನ ಮೀಟರು ದಿನಾ 15 ಅನ್ನುತ್ತಿತ್ತು. ಮೇಷ್ಟ್ರು ಮೀಟರಿನ ಗುಂಡಿ ಒತ್ತಿ ನೋಡಿದರು. ಚಕ್ರದ ಅಳತೆ 26 ಇಂಚು ಅಂತ ಇತ್ತು! 26 ಇಂಚಿನ ಚಕ್ರದ ಪರಿಧಿ ಸುಮಾರು 2.07 ಮೀಟರ್. ನಮ್ಮದು 2.2. ಹಾಗಾಗಿ ಮೀಟರು 25 ತೋರಿಸಿದಾಗ ಅಣ್ಣ ನಿಜವಾಗಿ 26.5ರಲ್ಲಿ ಹೋಗುತ್ತಿದ್ದ.

ಒಂದೂವರೆ ಕಿಲೋಮೀಟರ್ ಏನು ಮಹಾ ಅನ್ನಬೇಡಿ. ನಮ್ಮ ದೇಶದ ನಿಯಮದಲ್ಲಿ ಲೈಸೆನ್ಸ್, ನೋಂದಣಿ ಇಲ್ಲದೆ ಓಡಿಸುವ ಕರೆಂಟ್ ಸೈಕಲ್ಲಿಗೆ ಇರುವ ಷರತ್ತುಗಳಲ್ಲಿ ಗಂಟೆಗೆ 25 ಕಿ.ಮೀ. ಎಂಬ ಮಿತಿಯೂ ಒಂದು. ಆ ಮಿತಿ ಬಂದಾಗ ಮೋಟರನ್ನು ನಿಲ್ಲಿಸುವುದು ಈ ಟಿಕ್ ಲೆಕ್ಕವೇ. ಕೆಲವರು ಬೇಕಂತಲೇ ತಪ್ಪು ಅಳತೆ ಕೊಟ್ಟು ಜೋರಾಗಿ ಓಡಿಸುತ್ತಾರೆ. ಆದರೆ ಬ್ರೇಕು ಹಳೇದೇ ಇರುತ್ತದೆ, ರಸ್ತೆಗೆ ಅಡ್ಡ ಬರುವ ಎಮ್ಮೆಗೂ ಇದು ತಿಳಿಯಲ್ಲ.

ನೀವೂ ಮಾಡಿ ನೋಡಿ

1. ಟೈರಿನ ಮೇಲೆ ಮತ್ತು ಅದರ ಕೆಳಗೆ ನೆಲದ ಮೇಲೆ ಸೀಮೆಸುಣ್ಣದಿಂದ ಗೆರೆ ಹಾಕಿ.
2. ಒಬ್ಬರು ಸೈಕಲ್ ಮೇಲೆ ಕೂರಲಿ, ಇಬ್ಬರು ಹಿಡಿದು ನೇರವಾಗಿ ತಳ್ಳಲಿ. ಭಾರಕ್ಕೆ ಟೈರು ಸ್ವಲ್ಪ ಅಮುಕುವುದರಿಂದ ಕೂತೇ ಅಳೆಯಬೇಕು.
3. ಟೈರಿನ ಗೆರೆ ಮತ್ತೆ ನೆಲಕ್ಕೆ ಬಂದ ಜಾಗದಲ್ಲಿ ಇನ್ನೊಂದು ಗೆರೆ ಹಾಕಿ, ನಡುವಿನ ದೂರವನ್ನು ಟೇಪಿನಿಂದ ಅಳೆಯಿರಿ. ಅದೇ ನಿಮ್ಮ ಚಕ್ರದ ಪರಿಧಿ.
4. ಸ್ಪೋಕ್ ಕಡ್ಡಿಗೆ ಬಟ್ಟೆ ಚೂರು ಕಟ್ಟಿ, ಒಬ್ಬರು ತಳ್ಳಿಕೊಂಡು ಹೋಗಲಿ. ಇನ್ನೊಬ್ಬರು 10 ಸುತ್ತು ಎಣಿಸಲಿ, ಮತ್ತೊಬ್ಬರು ಗಡಿಯಾರ ನೋಡಲಿ. ವೇಗ ತಾನಾಗಿ ಸಿಗುತ್ತದೆ.

ತಿರುಗುವ ಚಕ್ರಕ್ಕೆ ಬೆರಳು ಹಾಕಬೇಡಿ.

ಮನೆಯಲ್ಲಿ ಕರೆಂಟ್ ಸೈಕಲ್ ಇರುವವರು ತಿಂಗಳಿಗೊಮ್ಮೆ ಅಯಸ್ಕಾಂತ ಬಿಗಿಯಾಗಿದೆಯೇ ನೋಡಿ. ಅದಕ್ಕೂ ಸೆನ್ಸರಿಗೂ ನಡುವೆ ಒಂದು ಬೆರಳಿನ ದಪ್ಪಕ್ಕಿಂತ ಹೆಚ್ಚು ಜಾಗ ಇರಬಾರದು. ಕೆಸರು ಮೆತ್ತಿದ್ದರೆ ಒರೆಸಿ. ಮೀಟರು ಸೊನ್ನೆ ತೋರಿಸಿದರೆ ಮೊದಲು ಚಕ್ರ ನೋಡಿ, ಆಮೇಲೆ ಬ್ಯಾಟರಿ. ಕರು ಮಾರುವ ಮಾತು ಕೊನೆಗೆ ಇರಲಿ!

ಕೊನೆಗೊಂದು ಪ್ರಶ್ನೆ: ಒಂದು ಸುತ್ತಿಗೆ 2 ಮೀಟರ್ ಹೋಗುವ ಚಕ್ರ 10 ಸೆಕೆಂಡಿನಲ್ಲಿ 25 ಸುತ್ತು ಬಂದರೆ ವೇಗ ಗಂಟೆಗೆ ಎಷ್ಟು ಕಿ.ಮೀ.? ಉತ್ತರ ಬರೆದು ಈ ಹಾಳೆಯ ಕೆಳಗೆ ಅಂಟಿಸಿ.

— 9ನೇ ತರಗತಿ ವಿದ್ಯಾರ್ಥಿ